ಏಕಟ್ಠಿಗೆ ಒಂದು ಕಡಮೆ

ಹಳಗನ್ನಡ ಕಾವ್ಯದಲ್ಲಿ ಒಂದು ಸಮಾಸ ಬಿಡಿಸಲಾಗದೆ ನಿಂತರೆ ನಮ್ಮ ವಿದ್ವಾಂಸರು ಅದಕ್ಕಾಗಿ ಹತ್ತು ಪುಟ ಬರೆಯಲು ಹಿಂಜರಿಯುವುದಿಲ್ಲ. ಆದರೆ ಅದೇ ಗ್ರಂಥದಲ್ಲಿ ಒಂದು ದೊಡ್ಡ ಸಂಖ್ಯೆ ಎದುರಾದರೆ, ಪಾರಿಭಾಷಿಕವಾದ ಗಣನೆ ಎಂದು ಒಂದು ಅಡಿಟಿಪ್ಪಣಿ ಹಾಕಿ ಮುಂದಕ್ಕೆ ಸಾಗುತ್ತಾರೆ. ಇನ್ನೊಂದು ಪಂಗಡವೂ ಉಂಟು. ಅವರಿಗೆ ಸಂಖ್ಯೆ ದೊಡ್ಡದಾದಷ್ಟೂ ಭಕ್ತಿ ಹೆಚ್ಚು. ಅಂಕಗಳನ್ನು ಎಣಿಸಿ ಕೈಮುಗಿದರೆ ಅವರ ಕೆಲಸ ಮುಗಿಯಿತು. ದಾಟಿ ಹೋಗುವವನೂ ಕೈಮುಗಿಯುವವನೂ ಒಂದು ವಿಷಯದಲ್ಲಿ ಸಮಾನರು: ಇಬ್ಬರೂ ಸಂಖ್ಯೆಯನ್ನು ಓದಿಲ್ಲ. ಓದಿದರೆ ದೊರಕುವುದೇನು ಎಂಬುದನ್ನು ಒಂದೇ ಒಂದು ನಿದರ್ಶನದಿಂದ ತೋರಿಸಲು ಇಲ್ಲಿ ಯತ್ನಿಸುತ್ತೇನೆ. ನಾನು ಕನ್ನಡದ ಅಧ್ಯಾಪಕ. ಗಣಿತ ನನ್ನ ವೃತ್ತಿಯಲ್ಲ. ಆದರೆ ಮುಂದೆ ಬರುವ ಲೆಕ್ಕಗಳಿಗೆ ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಡ.

ಸಂಖ್ಯೆ ಇದು: ೧,೮೪,೪೬,೭೪,೪೦,೭೩,೭೦,೯೫,೫೧,೬೧೫. ಒಟ್ಟು ಇಪ್ಪತ್ತು ಅಂಕಗಳು. ಇದು ಬರುವುದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ. ಗ್ರಂಥದ ಭಾಷೆ ಪ್ರಾಕೃತ. ಅದು ಬೆಳೆದ ನೆಲ ನಮ್ಮದು. ಕ್ರಿ.ಶ. ೯೭೮ರಲ್ಲಿ ಕನ್ನಡ ಗದ್ಯದಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದ, ಶ್ರವಣಬೆಳಗೊಳದ ಮಹಾಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರೂ ಇತ್ತು. ಅವನ ನಿಮಿತ್ತವಾಗಿ ಹುಟ್ಟಿದುದರಿಂದಲೇ ಗ್ರಂಥಕ್ಕೆ ಆ ಹೆಸರು. ನೇಮಿಚಂದ್ರನಿಗೂ ಹಿಂದೆ, ರಾಷ್ಟ್ರಕೂಟರ ಕಾಲದ ವೀರಸೇನನು ಷಟ್‌ಖಂಡಾಗಮಕ್ಕೆ ಬರೆದ ‘ಧವಲಾ’ ಟೀಕೆಯಲ್ಲಿಯೂ ಈ ಗಣನೆ ಇದೆ. ಆ ಟೀಕೆಯನ್ನು ಲೋಕಕ್ಕೆ ಉಳಿಸಿಕೊಟ್ಟದ್ದು ಮೂಡಬಿದಿರೆಯ ಬಸದಿಯಲ್ಲಿದ್ದ, ಹಳಗನ್ನಡ ಲಿಪಿಯ ತಾಳೆಗರಿಗಳು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ೧೯೩೯ರಿಂದ ಅದು ಹದಿನಾರು ಸಂಪುಟಗಳಾಗಿ ಅಚ್ಚಾಯಿತು. ೧೯೪೨ರ ನಾಲ್ಕನೆಯ ಸಂಪುಟದಲ್ಲಿ ಲಖನೌ ವಿಶ್ವವಿದ್ಯಾನಿಲಯದ ಅವಧೇಶ ನಾರಾಯಣ ಸಿಂಗ್ ಅವರು ಅದರ ಗಣಿತವನ್ನು ಕುರಿತು ಲೇಖನ ಬರೆದರು. ಲಿಪಿ ನಮ್ಮದು, ಓಲೆ ನಮ್ಮದು. ಮೊದಲು ಲೆಕ್ಕ ನೋಡಿದವರು ಮಾತ್ರ ದೂರದವರು.

ಈ ಸಂಖ್ಯೆ ಏನನ್ನು ಎಣಿಸುತ್ತದೆ? ಶ್ರುತಜ್ಞಾನದ ಅಕ್ಷರಗಳನ್ನು. ಜೈನ ಪರಂಪರೆಯಲ್ಲಿ ಮೂಲಾಕ್ಷರಗಳು ೬೪. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತವೆಂದು ಮೂರು ಬಗೆಯಾಗಿ ೨೭; ವ್ಯಂಜನಗಳು ೩೩; ಯೋಗವಾಹಗಳು ೪. ಇವು ಒಂದೊಂದೇ ನಿಂತರೆ ೬೪ ಬಗೆ. ಎರಡೆರಡು ಕೂಡಿದರೆ ೨,೦೧೬. ಮೂರು ಮೂರು ಕೂಡಿದರೆ ೪೧,೬೬೪. ಹೀಗೆಯೇ ಅರವತ್ತನಾಲ್ಕೂ ಒಂದಾಗಿ ಕೂಡುವವರೆಗೆ. ಇವನ್ನೆಲ್ಲ ಕೂಡಿಸುವ ಕಷ್ಟಕ್ಕೆ ಆಚಾರ್ಯನು ಹೋಗುವುದಿಲ್ಲ. ಅರವತ್ತನಾಲ್ಕನ್ನು ಬಿಡಿಬಿಡಿಯಾಗಿ ಹರಡಿ, ಒಂದೊಂದಕ್ಕೂ ಎರಡನ್ನು ಕೊಟ್ಟು, ಆ ಎರಡುಗಳನ್ನೆಲ್ಲ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆಯಬೇಕೆಂದು ಒಂದೇ ಗಾಹೆಯಲ್ಲಿ ವಿಧಿಸುತ್ತಾನೆ. ಕಾರಣ ಸರಳ. ಒಂದು ಕೂಟದಲ್ಲಿ ಒಂದು ಅಕ್ಷರ ಇರಬಹುದು ಅಥವಾ ಇಲ್ಲದಿರಬಹುದು. ಅದಕ್ಕೆ ಇರುವ ಗತಿ ಎರಡೇ. ಅರವತ್ತನಾಲ್ಕು ಅಕ್ಷರಗಳಿಗೆ ಎರಡನ್ನು ಅರವತ್ತನಾಲ್ಕು ಸಲ ಗುಣಿಸಿದಷ್ಟು ಕೂಟಗಳು. ಅವುಗಳಲ್ಲಿ ಯಾವ ಅಕ್ಷರವೂ ಇಲ್ಲದ ಕೂಟ ಒಂದಿದೆ. ಅದು ಮೌನ, ಮೌನ ಅಕ್ಷರವಲ್ಲ. ಆದ್ದರಿಂದ ಒಂದನ್ನು ಕಳೆದರು.

ಇಲ್ಲಿ ವೈಯಾಕರಣನೊಬ್ಬ ಆಕ್ಷೇಪ ಎತ್ತಬಹುದು. ‘ರ್ಕ’ ಮತ್ತು ‘ಕ್ರ’ ನಮಗೆ ಬೇರೆ ಬೇರೆ. ಈ ಲೆಕ್ಕದಲ್ಲಿ ಅವೆರಡೂ ಒಂದೇ ಕೂಟ. ಇಪ್ಪತ್ತೇಳು ಸ್ವರಗಳನ್ನೂ ಒಟ್ಟಿಗೆ ಉಚ್ಚರಿಸಬಲ್ಲ ನಾಲಗೆ ಲೋಕದಲ್ಲಿಲ್ಲ. ಈ ಲೆಕ್ಕ ಅದನ್ನೂ ಬಿಟ್ಟಿಲ್ಲ. ಆಕ್ಷೇಪ ಸರಿಯಾದುದೇ. ಆದರೆ ಅದರಿಂದ ಗ್ರಂಥದ ಬೆಲೆ ಇಳಿಯುವುದಿಲ್ಲ, ಗ್ರಂಥದ ಉದ್ದೇಶ ತಿಳಿಯುತ್ತದೆ. ಆಡಿದ ಮಾತನ್ನು ಎಣಿಸಲು ಆಚಾರ್ಯನು ಹೊರಟಿಲ್ಲ; ಅಕ್ಷರದಲ್ಲಿ ಅಡಗಬಹುದಾದುದರ ಎಲ್ಲೆಯನ್ನು ಗುರುತಿಸಲು ಹೊರಟಿದ್ದಾನೆ. ಕೇಶಿರಾಜನ ಕೆಲಸ ಬೇರೆ, ಇವನ ಕೆಲಸ ಬೇರೆ.

ಎರಡನ್ನು ಅರವತ್ತನಾಲ್ಕು ಸಲ ಗುಣಿಸಿದ ಸಂಖ್ಯೆಗೆ ಈ ಪರಂಪರೆಯಲ್ಲಿ ‘ಏಕಟ್ಠೀ’ ಎಂದು ಹೆಸರು. ಅಲ್ಲಿಗೆ ಹೋಗುವ ಮೆಟ್ಟಿಲುಗಳೂ ಉಂಟು. ಎರಡರ ವರ್ಗ ನಾಲ್ಕು, ಅದರ ವರ್ಗ ೧೬, ಅದರ ವರ್ಗ ೨೫೬. ಮುಂದಿನ ವರ್ಗ ೬೫,೫೩೬. ಅದಕ್ಕೆ ‘ಪಣ್ಣಟ್ಠೀ’ ಎಂದರು. ಅದರ ವರ್ಗ ೪೨೯,೪೯,೬೭,೨೯೬, ಅದು ‘ಬಾದಾಲ’. ಅದರ ವರ್ಗವೇ ಏಕಟ್ಠೀ. ಈ ಹೆಸರುಗಳಲ್ಲಿ ಯಾವ ಗೂಢವೂ ಇಲ್ಲ. ಅರವತ್ತೈದರಿಂದ ಆರಂಭವಾಗುವುದು ಪಣ್ಣಟ್ಠೀ, ನಲವತ್ತೆರಡರಿಂದ ಆರಂಭವಾಗುವುದು ಬಾದಾಲ, ಒಂದು ಮತ್ತು ಎಂಟರಿಂದ ಆರಂಭವಾಗುವುದು ಏಕಟ್ಠೀ. ಪದ್ಯವನ್ನು ಮೊದಲ ಮಾತಿನಿಂದ ಕರೆಯುವಂತೆ ಸಂಖ್ಯೆಯನ್ನು ಮೊದಲ ಅಂಕಗಳಿಂದ ಕರೆದಿದ್ದಾರೆ.

ಏಕಟ್ಠಿಯ ಒಳಗೆ ಎರಡಲ್ಲದೆ ಬೇರೇನೂ ಇಲ್ಲ. ಎಷ್ಟು ಸಲ ಒಡೆದರೂ ಮತ್ತೆ ಎರಡೇ. ಹಾಗೆ ಅರ್ಧ ಮಾಡುತ್ತ ಹೋಗುವ ಎಣಿಕೆಗೆ ಅವರು ‘ಅರ್ಧಚ್ಛೇದ’ ಎಂಬ ಶಬ್ದವನ್ನೇ ಕಟ್ಟಿದ್ದರು. ಏಕಟ್ಠಿಯ ಅರ್ಧಚ್ಛೇದ ೬೪. ಆದರೆ ಆ ಒಂದು ಮೌನವನ್ನು ಕಳೆದೊಡನೆ ಸಂಖ್ಯೆಯ ಒಳಗಿನ ಸಂಸಾರವೇ ಬದಲಾಗಿಬಿಡುತ್ತದೆ. ಒಂದು ವರ್ಗಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದು, ಅದರ ಮೂಲಕ್ಕಿಂತ ಒಂದು ಹೆಚ್ಚು ಮತ್ತು ಒಂದು ಕಡಮೆಯಾದ ಎರಡು ಸಂಖ್ಯೆಗಳ ಗುಣಲಬ್ಧ. ಇದನ್ನು ಎಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆದ್ದರಿಂದ ಏಕಟ್ಠಿಗೆ ಒಂದು ಕಡಮೆ ಎಂದರೆ, ಬಾದಾಲಕ್ಕೆ ಒಂದು ಹೆಚ್ಚು ಗುಣಿಸು ಬಾದಾಲಕ್ಕೆ ಒಂದು ಕಡಮೆ. ಬಾದಾಲಕ್ಕೆ ಒಂದು ಕಡಮೆ ಎಂದರೆ ಪಣ್ಣಟ್ಠಿಗೆ ಒಂದು ಹೆಚ್ಚು ಗುಣಿಸು ಪಣ್ಣಟ್ಠಿಗೆ ಒಂದು ಕಡಮೆ. ಹೀಗೆ ಮೆಟ್ಟಿಲಿಳಿದು ಬಂದರೆ ಕೈಗೆ ಸಿಕ್ಕುವ ಅಪವರ್ತನಗಳು ೩, ೫, ೧೭, ೨೫೭, ೬೫,೫೩೭ ಮತ್ತು ೪೨೯,೪೯,೬೭,೨೯೭. ನಮ್ಮ ಆಚಾರ್ಯರು ಹೆಸರಿಟ್ಟ ಮೆಟ್ಟಿಲುಗಳಿಗೇ ಒಂದೊಂದನ್ನು ಕೂಡಿಸಿದರೆ ಅವರ ಮಹಾಸಂಖ್ಯೆಯ ಅಂಗಾಂಗಗಳು ಬರುತ್ತವೆ.

ಯೂರೋಪಿನಲ್ಲಿ ಇದೇ ಸಾಲನ್ನು ಹದಿನೇಳನೆಯ ಶತಮಾನದಲ್ಲಿ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞ ಬೇರೊಂದು ದಾರಿಯಿಂದ ಬಂದು ಕಂಡ. ಇವೆಲ್ಲ ಅವಿಭಾಜ್ಯಗಳೆಂದು ಅವನ ನಂಬಿಕೆ. ಮೊದಲ ಐದು ನಿಜವಾಗಿಯೂ ಅವಿಭಾಜ್ಯಗಳೇ. ಆರನೆಯದನ್ನು, ಎಂದರೆ ಬಾದಾಲಕ್ಕೆ ಒಂದು ಹೆಚ್ಚಾದುದನ್ನು, ೧೭೩೨ರಲ್ಲಿ ಆಯ್ಲರ್ ಒಡೆದು ತೋರಿಸಿದ: ೬೪೧ ಗುಣಿಸು ೬೭,೦೦,೪೧೭. ಅಲ್ಲಿಗೆ ನಮ್ಮ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಏಳಾದುವು: ೩, ೫, ೧೭, ೨೫೭, ೬೪೧, ೬೫,೫೩೭, ೬೭,೦೦,೪೧೭. ಒಂದಾದರೂ ಎರಡು ಸಲ ಬಂದಿಲ್ಲ. ಇವುಗಳಲ್ಲಿ ಯಾವುವನ್ನು ಆರಿಸಿ ಗುಣಿಸಿದರೂ ಒಂದು ಭಾಜಕ ದೊರೆಯುತ್ತದೆ. ಏಳಕ್ಕೂ ಇರುವುದು, ಇಲ್ಲದಿರುವುದು ಎಂಬ ಎರಡೇ ಗತಿ. ಆದ್ದರಿಂದ ಭಾಜಕಗಳು ಎರಡನ್ನು ಏಳು ಸಲ ಗುಣಿಸಿದಷ್ಟು, ಎಂದರೆ ೧೨೮. ಅಕ್ಷರಗಳನ್ನು ಎಣಿಸಿದ ಸೂತ್ರವೇ ಆ ಎಣಿಕೆಯ ಭಾಜಕಗಳನ್ನೂ ಎಣಿಸಿಕೊಟ್ಟಿತು. ಒಂದೇ ವ್ಯತ್ಯಾಸ. ಇಲ್ಲಿ ಏನನ್ನೂ ಆರಿಸದ ಕೂಟಕ್ಕೂ ಸ್ಥಾನವುಂಟು; ಅದು ಒಂದು ಎಂಬ ಭಾಜಕ. ಸಂಯುಕ್ತಾಕ್ಷರಗಳ ಲೆಕ್ಕ ತಾನೂ ಒಂದು ಸಂಯುಕ್ತ ಸಂಖ್ಯೆಯಾಯಿತು.

ಇಷ್ಟು ಗಣಿತವಾಯಿತು, ವಿಮರ್ಶೆಗೆ ಇದರಿಂದ ಬಂದ ಲಾಭವೇನು ಎಂದು ಕೇಳುವ ವಾಚಕರಿಗೆ ಎರಡು ಉತ್ತರಗಳಿವೆ.

ಮೊದಲನೆಯದು ಗ್ರಂಥಸಂಪಾದನೆಗೆ ಸಂಬಂಧಿಸಿದ್ದು. ಜೀವಕಾಂಡದ ಗಾಹೆ ಈ ಇಪ್ಪತ್ತು ಅಂಕಗಳನ್ನು ಎಡದಿಂದ ಬಲಕ್ಕೆ, ಒಂದು, ಎಂಟು, ನಾಲ್ಕು, ನಾಲ್ಕು ಎಂದು ಬರಿಯ ಹೆಸರುಗಳಲ್ಲಿ ಹೇಳುತ್ತದೆ. ಅಂಕಗಳು ಎಡಕ್ಕೆ ನಡೆಯುತ್ತವೆಂಬ ಸಂಸ್ಕೃತದ ವಾಡಿಕೆಗೆ ಇದು ಹೊರಗು. ಲಿಪಿಕಾರನ ಕೈತಪ್ಪಿಗೆ ಇದಕ್ಕಿಂತ ಒಳ್ಳೆಯ ಎಡೆ ಇನ್ನೊಂದಿಲ್ಲ. ಒಂದು ಸೊನ್ನೆ ಏಳಾದರೆ ಛಂದಸ್ಸು ಕೆಡದೆ ಇರಬಹುದು, ವಾಕ್ಯವಂತೂ ಕೆಡುವುದಿಲ್ಲ. ಪಾಠಾಂತರವನ್ನು ಹಿಡಿಯುವುದು ಹೇಗೆ? ಇಲ್ಲಿ ಸಂಖ್ಯೆಯೇ ಸಂಪಾದಕ. ಅಂಕಗಳನ್ನೆಲ್ಲ ಕೂಡಿದರೆ ೮೭; ಆದ್ದರಿಂದ ಅದು ಮೂರರಿಂದ ಭಾಗವಾಗಬೇಕು, ಒಂಬತ್ತರಿಂದ ಆಗಬಾರದು. ಹದಿನೇಳರ ಪರೀಕ್ಷೆ ಇನ್ನೂ ಬಿಗಿ. ಇಪ್ಪತ್ತರಲ್ಲಿ ಯಾವ ಒಂದು ಅಂಕ ಬದಲಾಗಲಿ, ನೆರೆಯ ಎರಡು ಬೇರೆ ಬೇರೆ ಅಂಕಗಳು ಸ್ಥಾನಪಲ್ಲಟವಾಗಲಿ, ಆ ಸಂಖ್ಯೆ ಹದಿನೇಳರಿಂದ ನಿಶ್ಶೇಷವಾಗಿ ಭಾಗವಾಗದು. ಪಂಪನ ಒಂದು ಪದ್ಯದ ಶುದ್ಧಪಾಠಕ್ಕಾಗಿ ನಾಲ್ಕಾರು ಪ್ರತಿಗಳನ್ನು ಹರಡಿಕೊಂಡು ಕೂರುವ ನಮಗೆ, ತನ್ನ ಶುದ್ಧಿಯನ್ನು ತಾನೇ ಹೊತ್ತು ಬಂದಿರುವ ಪದ್ಯವೊಂದಿದೆ ಎಂಬುದು ಸಣ್ಣ ಸಂಗತಿಯಲ್ಲ. ಓಲೆಗಳೆಲ್ಲ ನಶಿಸಿದರೂ ಅರವತ್ತನಾಲ್ಕು ಎಂಬ ಒಂದು ಮಾತು ಉಳಿದಿದ್ದರೆ ಸಾಕಿತ್ತು. ಈ ಗಾಹೆಯ ಅರ್ಥವನ್ನು ಯಾರು ಬೇಕಾದರೂ ಮತ್ತೆ ಕಟ್ಟಬಹುದಿತ್ತು.

ಎರಡನೆಯ ಉತ್ತರ ಇದಕ್ಕಿಂತ ಗಂಭೀರವಾದುದು. ಗ್ರಂಥ ಈ ಸಂಖ್ಯೆಯನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ, ಅದನ್ನು ಭಾಗಿಸುತ್ತದೆ. ಶ್ರುತದ ಒಂದು ಮಧ್ಯಮಪದಕ್ಕೆ ಅಕ್ಷರಗಳು ೧,೬೩೪ ಕೋಟಿ ೮೩ ಲಕ್ಷದ ೭,೮೮೮. ಈ ಅಳತೆಯಿಂದ ಒಟ್ಟು ಅಕ್ಷರಗಳನ್ನು ಭಾಗಿಸಿದರೆ ಬರುವ ಪದಗಳು ೧೧೨ ಕೋಟಿ ೮೩ ಲಕ್ಷ ೫೮ ಸಾವಿರದ ೫. ಇವು ಹನ್ನೆರಡು ಅಂಗಗಳಲ್ಲಿ ಸೇರಿದುವು. ಭಾಗಿಸಿ ಉಳಿದ ಶೇಷ ೮ ಕೋಟಿ ೧ ಲಕ್ಷ ೮ ಸಾವಿರದ ೧೭೫ ಅಕ್ಷರಗಳು. ಅವು ಅಂಗಬಾಹ್ಯ, ಎಂದರೆ ಅಂಗಗಳ ಹೊರಗೆ ನಿಂತ ಪ್ರಕೀರ್ಣಕಗಳ ಪಾಲು. ನಾನು ಇದನ್ನು ಕಾಗದದ ಮೇಲೆ ಗುಣಿಸಿ ಕೂಡಿ ನೋಡಿದೆ. ಕೊನೆಯ ಅಂಕದವರೆಗೆ ಸರಿಯಾಗಿದೆ.

ಶೇಷ ಉಳಿಯಲೇಬೇಕಾಗಿತ್ತು ಎಂಬುದನ್ನು ಗಮನಿಸಬೇಕು. ಪದದ ಅಳತೆ ಸಮಸಂಖ್ಯೆ. ಒಟ್ಟು ಅಕ್ಷರಗಳು ಮೌನವನ್ನು ಕಳೆದುಕೊಂಡು ಬೆಸಸಂಖ್ಯೆ. ಸಮಸಂಖ್ಯೆ ಬೆಸಸಂಖ್ಯೆಯನ್ನು ಎಂದಿಗೂ ನಿಶ್ಶೇಷವಾಗಿ ಭಾಗಿಸದು. ಹೀಗಾಗಿ ಎಷ್ಟೇ ಪದಗಳನ್ನು ಅಂಗಗಳಲ್ಲಿ ಅಡಕ ಮಾಡಿದರೂ ಅಷ್ಟಿಷ್ಟು ಅಕ್ಷರಗಳು ಹೊರಗೆ ಉಳಿದೇ ಉಳಿಯುತ್ತವೆ. ಆಚಾರ್ಯರು ಇದನ್ನು ಉದ್ದೇಶಿಸಿದ್ದರೆಂದು ನಾನು ಹೇಳಹೊರಟಿಲ್ಲ; ಲೆಕ್ಕ ಅದನ್ನು ಹೇಳುತ್ತದೆ. ಹೊರಗುಳಿದವು ಯಾವುವು ಎಂದು ನೋಡಿದರೆ ಸಾಮಾಯಿಕ, ವಂದನೆ, ಪ್ರತಿಕ್ರಮಣ ಮೊದಲಾದುವು, ಎಂದರೆ ದಿನನಿತ್ಯ ಬೇಕಾದುವು. ನಮ್ಮ ಸಾಹಿತ್ಯದಲ್ಲಿಯೂ ಹೀಗೆಯೇ ಅಲ್ಲವೆ? ಚರಿತ್ರೆಕಾರನ ಅಧ್ಯಾಯಗಳಲ್ಲಿ ಭಾಗವಾಗದೆ ಉಳಿದದ್ದನ್ನು ಜನ ನಾಲಗೆಯ ಮೇಲೆ ಇಟ್ಟುಕೊಂಡಿರುತ್ತಾರೆ.

ಇನ್ನೂ ಒಂದು ಮಾತಿದೆ. ದಿಗಂಬರ ಸಂಪ್ರದಾಯದ ಪ್ರಕಾರ ಆ ಹನ್ನೆರಡು ಅಂಗಗಳು ಇಂದು ಇಲ್ಲ. ಅವು ನೆನಪಿನಿಂದ ಮೆಲ್ಲಮೆಲ್ಲನೆ ಅಳಿದುಹೋದುವು. ಷಟ್‌ಖಂಡಾಗಮದಂತಹವು ಉಳಿದ ಒಂದು ತುಣುಕಿನಿಂದ ಹುಟ್ಟಿದುವು. ಹಾಗಾದರೆ ನೇಮಿಚಂದ್ರನು ಇಷ್ಟು ಕಟ್ಟುನಿಟ್ಟಾಗಿ ಅಳೆಯುತ್ತಿರುವುದು ಕಣ್ಣೆದುರಿಗೆ ಇಲ್ಲದ ಪುಸ್ತಕವನ್ನು. ಮಾತುಗಳು ಹೋದುವು, ಮಾತುಗಳ ಲೆಕ್ಕ ಉಳಿಯಿತು. ಈ ದೃಷ್ಟಿಯಿಂದ ನೋಡಿದಾಗ ಇಪ್ಪತ್ತು ಅಂಕಗಳ ಆ ಒಣ ಗಾಹೆ ನನಗೆ ಶೋಕಗೀತದಂತೆ ಕೇಳುತ್ತದೆ. ಕೈಮುಗಿದು ನಿಂತವನಿಗೆ ಈ ಧ್ವನಿ ಕೇಳಿಸದು. ಅಡಿಟಿಪ್ಪಣಿ ಹಾಕಿ ದಾಟಿದವನಿಗೂ ಕೇಳಿಸದು.

ನಾನಿರುವುದು ಚನ್ನಪಟ್ಟಣದ ಸೀಮೆಯ ಬೈರಾಪಟ್ಟಣದಲ್ಲಿ. ಕಡೆದ ಮರದ ಬಳೆಗಳಿಗೆ ಅರಗಿನ ಬಣ್ಣ ಕೊಟ್ಟು, ದೊಡ್ಡದರ ಮೇಲೆ ಚಿಕ್ಕದಾಗಿ ಕೋಲಿಗೆ ಪೋಣಿಸುವ ಆಟಿಕೆ ಈ ಕಡೆ ಎಲ್ಲರೂ ಬಲ್ಲದ್ದು. ೧೮೮೩ರಲ್ಲಿ ಲೂಕಾ ಎಂಬ ಫ್ರೆಂಚ್ ಗಣಿತಜ್ಞ ಇಂತಹದೇ ಒಂದು ಆಟವನ್ನು ಹೊರತಂದ. ಮೂರು ಕೋಲು, ಒಂದು ಸಲಕ್ಕೆ ಒಂದೇ ಬಳೆ, ಚಿಕ್ಕದರ ಮೇಲೆ ದೊಡ್ಡದು ಬರಕೂಡದು. ಅದಕ್ಕೆ ಕಾಶಿಯ ದೇವಾಲಯದ ಕಥೆಯೊಂದನ್ನೂ ಹೆಣೆದರು: ಅಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳಿವೆಯಂತೆ, ಅವೆಲ್ಲ ಒಂದು ಕೋಲಿನಿಂದ ಇನ್ನೊಂದಕ್ಕೆ ಹೋದಂದು ಲೋಕಕ್ಕೆ ಕೊನೆಯಂತೆ. ಅದಕ್ಕೆ ಬೇಕಾದ ನಡೆಗಳ ಸಂಖ್ಯೆ ನಮ್ಮ ಶ್ರುತಾಕ್ಷರಗಳಷ್ಟೇ. ಸೆಕೆಂಡಿಗೊಂದು ನಡೆಯಂತೆ ಎಡೆಬಿಡದೆ ನಡೆದರೂ ಸುಮಾರು ೫೮ ಸಾವಿರ ಕೋಟಿ ವರ್ಷ ಬೇಕು. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಕಾಳು ತುಂಬಿದ ಕಥೆಯ ಮೊತ್ತವೂ ಇದೇ. ಇಂದಿನ ಗಣಕಯಂತ್ರದ ಅರವತ್ತನಾಲ್ಕು ಮನೆಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆಯೂ ಇದೇ.

ಇಲ್ಲಿಯೇ ಎಚ್ಚರ ಬೇಕು. ನಮ್ಮ ಹಿರಿಯರಿಗೆ ಗಣಕಯಂತ್ರ ಗೊತ್ತಿತ್ತು ಎಂದು ಘೋಷಿಸಲು ಇದರಲ್ಲಿ ಆಧಾರವಿಲ್ಲ. ಇರುವುದು, ಇಲ್ಲದಿರುವುದು ಎಂಬ ಎರಡು ಗತಿಗಳುಳ್ಳ ಅರವತ್ತನಾಲ್ಕು ವಸ್ತುಗಳನ್ನು ಎಲ್ಲಿ ಎಣಿಸಿದರೂ ಇದೇ ಸಂಖ್ಯೆ ಬರುತ್ತದೆ. ಹಿರಿಯರ ಹಿರಿಮೆ ಸಂಖ್ಯೆಯ ಗಾತ್ರದಲ್ಲಿಲ್ಲ; ಅಷ್ಟು ದೊಡ್ಡದನ್ನು ಒಂದು ಅಂಕವೂ ತಪ್ಪದಂತೆ ಕಟ್ಟಿ, ಭಾಗಿಸಿ, ಶೇಷವನ್ನು ಮರೆಮಾಚದೆ ಹೇಳಿದ್ದರಲ್ಲಿದೆ.

‘ಸಿರಿಭೂವಲಯ’ದ ಚರ್ಚೆಗೂ ಈ ಮಾತು ಅನ್ವಯಿಸುತ್ತದೆ. ೧೯೫೩ರಲ್ಲಿ ಯಲ್ಲಪ್ಪ ಶಾಸ್ತ್ರಿಗಳು ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ಬೆಂಗಳೂರಿನಲ್ಲಿ ಬೆಳಕು ಕಂಡ ಈ ಗ್ರಂಥವೂ ಅದೇ ೬೪ ಅಕ್ಷರಗಳಿಂದ ಹೊರಡುತ್ತದೆ; ಅಕ್ಷರಕ್ಕೆ ಬದಲಾಗಿ ಅಂಕಗಳನ್ನು ೨೭ಕ್ಕೆ ೨೭ರ ಚಕ್ರಗಳಲ್ಲಿ, ಎಂದರೆ ಚಕ್ರವೊಂದಕ್ಕೆ ೭೨೯ ಮನೆಗಳಲ್ಲಿ, ತುಂಬುತ್ತದೆ. ಅದು ಅಮೋಘವರ್ಷನ ಕಾಲದ್ದೆಂದು ಹೇಳುವವರು ಅದರ ಸಾಂಗತ್ಯದ ಬಂಧಕ್ಕೆ ಉತ್ತರ ಹೇಳಬೇಕು. ನಮಗೆ ತಿಳಿದ ಮೊದಲ ಸಾಂಗತ್ಯಗಳು ಹದಿಮೂರನೆಯ ಶತಮಾನದ ಶಿಶುಮಾಯಣನವು. ಇರಲಿ, ಕಾಲದ ವಾದ ಬೇರೆ. ಅರವತ್ತನಾಲ್ಕು ಅಕ್ಷರಗಳನ್ನು ಸಾಲಿನಲ್ಲಿ ಹಿಂದುಮುಂದಾಗಿಸುವ ಬಗೆಗಳು ತೊಂಬತ್ತು ಅಂಕಗಳ ಸಂಖ್ಯೆಯಷ್ಟಿವೆ. ಆ ಸಂಖ್ಯೆಗೆ ೫೪,೩೦೫ ಕೋಟಿ ೯ ಲಕ್ಷ ೫೬ ಸಾವಿರದ ೮೦೦ ಭಾಜಕಗಳಿವೆ. ಇದು ನಿಜ. ಆದರೆ ಇದು ಅರವತ್ತನಾಲ್ಕರ ಗುಣ, ಯಾವ ಗ್ರಂಥದ ಗುಣವೂ ಅಲ್ಲ. ಅರವತ್ತನಾಲ್ಕು ಗೋಲಿಗಳನ್ನು ಸಾಲಿಗಿಟ್ಟರೂ ಅಷ್ಟೇ ಬಗೆಗಳು. ಗ್ರಂಥದ ಬೆಲೆ ಕಟ್ಟಬೇಕಾದದ್ದು ಚಕ್ರವನ್ನು ಬಿಡಿಸಿದಾಗ ಹೊರಬರುವ ಪದ್ಯದಿಂದ, ಮತ್ತು ಬೇರೊಬ್ಬ ಬಿಡಿಸಿದರೂ ಅದೇ ಪದ್ಯ ಬರುವುದೇ ಎಂಬ ಪರೀಕ್ಷೆಯಿಂದ. ಗೊಮ್ಮಟಸಾರದ ಲೆಕ್ಕ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಯಾರು ಮಾಡಿದರೂ ಉತ್ತರ ಒಂದೇ.

ಕನ್ನಡಕ್ಕೆ ಇದರಲ್ಲಿ ಕಳೆದುಕೊಂಡದ್ದೂ ಉಂಟು, ಉಳಿಸಿಕೊಂಡದ್ದೂ ಉಂಟು. ಗೊಮ್ಮಟಸಾರಕ್ಕೆ ಗೊಮ್ಮಟರಾಯನೇ ದೇಶಿಯಲ್ಲಿ ಒಂದು ವೃತ್ತಿಯನ್ನು ರಚಿಸಿದನೆಂದು ಕರ್ಮಕಾಂಡದ ಕೊನೆ ಹೇಳುತ್ತದೆ; ‘ವೀರಮಾರ್ತಂಡಿ’ ಎಂದು ಹೆಸರಾದ ಆ ವೃತ್ತಿ ನಮಗೆ ದಕ್ಕಿಲ್ಲ. ದಕ್ಕಿರುವುದು ೧೩೫೯ರಲ್ಲಿ ಕೇಶವಣ್ಣನು ಮುಗಿಸಿದ ಕನ್ನಡ ವೃತ್ತಿ, ‘ಜೀವತತ್ತ್ವಪ್ರದೀಪಿಕೆ’. ಅದೇ ಹೆಸರಿನ ಸಂಸ್ಕೃತ ಟೀಕೆ ಈ ಕನ್ನಡ ವೃತ್ತಿಯನ್ನು ಅನುಸರಿಸಿ ಹುಟ್ಟಿದ್ದೆಂದು ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತದಿಂದ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ತೋಡರಮಲ್ಲನು ತನ್ನ ನುಡಿಗೆ ತಂದ. ಉತ್ತರದ ಓದುಗನಿಗೆ ಈ ಲೆಕ್ಕ ತಿಳಿದದ್ದು ಕನ್ನಡದ ಕೈದೀವಿಗೆಯಿಂದ. ೧೯೭೮ರಿಂದ ಭಾರತೀಯ ಜ್ಞಾನಪೀಠ ಆ ಕನ್ನಡ ವೃತ್ತಿಯನ್ನು ಅಚ್ಚುಹಾಕಿಸಿದೆ. ಆದರೂ ನಮ್ಮ ಎಂ.ಎ. ತರಗತಿಗಳಲ್ಲಿ ಕೇಶವಣ್ಣನಿಗೆ ಸಿಕ್ಕುವುದು ಹೆಚ್ಚೆಂದರೆ ಒಂದು ಸಾಲು. ಶಾಸ್ತ್ರಗದ್ಯ ಸಾಹಿತ್ಯವಲ್ಲವೆಂಬ ಭಾವನೆ ಅದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಈ ಭಾವನೆ ಹೋಗಬೇಕು. ಕಠಿಣವಾದ ಒಂದು ಲೆಕ್ಕವನ್ನು ಕನ್ನಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿ ಒಪ್ಪಿಸುವ ಗದ್ಯಕ್ಕೆ ಆರು ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾದೀತೆ ಎಂದು ಇಂದಿಗೂ ಕೇಳುತ್ತಿರುವವರು ಮೊದಲು ಆ ವೃತ್ತಿಯನ್ನು ತೆರೆದು ನೋಡಲಿ. ಕಾಲೇಜುಗಳಲ್ಲಿ ಕನ್ನಡದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ಒಂದು ಮೇಜಿನ ಎರಡು ಕಡೆ ಕುಳಿತು, ಒಬ್ಬರು ಪದವನ್ನೂ ಇನ್ನೊಬ್ಬರು ಅಂಕವನ್ನೂ ಬಿಡಿಸುತ್ತ ಹೋದರೆ ಒಂದು ವರ್ಷದಲ್ಲಿ ಜ್ಞಾನಮಾರ್ಗಣೆಯ ಅಧಿಕಾರವೊಂದು ಹೊಸಗನ್ನಡಕ್ಕೆ ಬಂದೀತು. ಅಲ್ಲಿಯವರೆಗೆ, ಈ ಲೇಖನ ಓದಿದವರು ಮನೆಯ ಮಕ್ಕಳಿಗೆ ಆ ಇಪ್ಪತ್ತು ಅಂಕಗಳನ್ನು ಬರೆದುಕೊಟ್ಟು ಹದಿನೇಳರಿಂದ ಭಾಗಿಸಲು ಹೇಳಲಿ. ಶೇಷ ಸೊನ್ನೆ ಬಂದರೆ ಮಗುವಿನ ಲೆಕ್ಕವೂ ಸರಿ, ಅಚ್ಚುಕೂಟದವರ ಮೊಳೆಗಳೂ ಸರಿ.